ಹಾಸಿಗೆಗೆ ಮಾತ್ರವೇ ವಿಮೆ?

ರೋಗಗಳಲ್ಲಿ ಎರಡು ಬಗೆ. ನೆಂಟನಂತೆ ಬಂದು ನಾಲ್ಕು ದಿನವಿದ್ದು ಹೋಗತಕ್ಕದ್ದು ಒಂದು. ಬಂದ ಮೇಲೆ ಮನೆಯಲ್ಲಿ ಒಕ್ಕಲಾಗಿ ನಿಲ್ಲತಕ್ಕದ್ದು ಇನ್ನೊಂದು. ವಿಷಮಶೀತಜ್ವರ, ಮುರಿದ ಎಲುಬು, ಪಿತ್ತಕೋಶದ ಕಲ್ಲು ಇವೆಲ್ಲ ಮೊದಲನೆಯ ವರ್ಗದವು. ಮಧುಮೇಹ, ಏರಿದ ರಕ್ತದೊತ್ತಡ, ಮೂತ್ರಪಿಂಡಗಳ ವೈಫಲ್ಯ, ಉಬ್ಬಸ, ಸಂಧಿವಾತ, ಅಪಸ್ಮಾರ, ಹಲವು ಬಗೆಯ ಮನೋವ್ಯಾಧಿಗಳು ಎರಡನೆಯ ವರ್ಗದವು. ಮೊದಲನೆಯದಕ್ಕೆ ಚಿಕಿತ್ಸೆಯುಂಟು, ಚಿಕಿತ್ಸೆಗೆ ಕೊನೆಯೂ ಉಂಟು. ಎರಡನೆಯದಕ್ಕೆ ಚಿಕಿತ್ಸೆಯೇನೋ ಉಂಟು, ಕೊನೆಯೆಂಬುದಿಲ್ಲ. ರೋಗಿಯು ಬದುಕಿರುವಷ್ಟು ಕಾಲ ಗುಳಿಗೆ, ಸೂಜಿಮದ್ದು, ರಕ್ತಪರೀಕ್ಷೆ, ವೈದ್ಯರ ಭೇಟಿ ಇವು ನಿತ್ಯಕರ್ಮದಂತೆ ನಡೆಯುತ್ತಲೇ ಇರಬೇಕು.

ನಮ್ಮ ದೇಶದ ಆರೋಗ್ಯ ವಿಮೆಯು ಮೊದಲನೆಯ ಬಗೆಯ ರೋಗವನ್ನು ಕಣ್ಣ ಮುಂದಿಟ್ಟುಕೊಂಡು ರಚಿತವಾದದ್ದು. ಆದರೆ ಇಂದು ನಮ್ಮ ಮನೆಗಳಲ್ಲಿ ಬೀಡುಬಿಟ್ಟಿರುವುದು ಎರಡನೆಯ ಬಗೆಯ ರೋಗ. ಈ ಎರಡರ ನಡುವಣ ಕಂದರದಲ್ಲಿ ಬಿದ್ದವರು ನಮ್ಮಲ್ಲಿ ಎಷ್ಟೋ ಮಂದಿ. ವರ್ಷವರ್ಷವೂ ತಪ್ಪದೆ ಕಂತು ಕಟ್ಟಿ, ತಿಂಗಳು ತಿಂಗಳೂ ಔಷಧದ ಅಂಗಡಿಗೆ ತಮ್ಮ ಕೈಯಿಂದಲೇ ಹಣ ತೆರುತ್ತಿರುವವರ ಪರವಾಗಿ ನಾಲ್ಕು ಮಾತುಗಳನ್ನು ಆಡುವುದೇ ಈ ಲೇಖನದ ಉದ್ದೇಶ.

ವಿಮೆ ಹುಟ್ಟಿದ ಬಗೆ

ಸಾಮಾನ್ಯ ವಿಮಾ ವ್ಯವಹಾರವು 1973ರ ಜನವರಿ 1ರಿಂದ ರಾಷ್ಟ್ರೀಕರಣಗೊಂಡಿತು. ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಾಗಿ ಒಂದುಗೂಡಿದವು. ಆ ನಾಲ್ಕು ಕಂಪನಿಗಳು 1986ರಲ್ಲಿ 'ಮೆಡಿಕ್ಲೇಮ್' ಎಂಬ ಹೆಸರಿನ ಪಾಲಿಸಿಯನ್ನು ಹೊರತಂದವು. ನೌಕರಿಯ ಮೂಲಕ ಯಾವ ವೈದ್ಯಕೀಯ ಸೌಲಭ್ಯವೂ ದೊರೆಯದ ಮಧ್ಯಮವರ್ಗದ ಸಂಸಾರಕ್ಕೆ ಅದೊಂದು ವರವೇ ಆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಪಾಲಿಸಿಯ ಮೂಲಸೂತ್ರವನ್ನು ಗಮನಿಸಬೇಕು. ರೋಗಿಯು ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಒಳರೋಗಿಯಾಗಿ ಮಲಗಿರತಕ್ಕದ್ದು. ಮಲಗಿದ್ದರೆ ಹಣ, ಇಲ್ಲದಿದ್ದರೆ ಇಲ್ಲ. ವಿಮೆಯು ರೋಗಕ್ಕಲ್ಲ, ಹಾಸಿಗೆಗೆ ಎಂದರೆ ತಪ್ಪಾಗಲಾರದು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ನಮ್ಮ ಹಿರಿಯರು ಮಿತವ್ಯಯವನ್ನು ಕುರಿತು ಹೇಳಿದ ಮಾತನ್ನು ವಿಮಾ ಕಂಪನಿಗಳು ಅಕ್ಷರಶಃ ಅರ್ಥಮಾಡಿಕೊಂಡಂತೆ ತೋರುತ್ತದೆ.

ಮನೆಯಲ್ಲಿಯೇ ಪಡೆಯುವ ಚಿಕಿತ್ಸೆಗೂ ಅದರಲ್ಲೊಂದು ಕಲಮು ಇತ್ತು, ಇಲ್ಲದೆ ಇಲ್ಲ. ಆದರೆ ಯಾವ ಯಾವ ರೋಗಗಳಿಗೆ ಅದು ಅನ್ವಯಿಸದು ಎಂಬ ಪಟ್ಟಿಯನ್ನು ಓದಿದರೆ ವಿಷಾದವಾಗುತ್ತದೆ. ಉಬ್ಬಸ, ಮಧುಮೇಹ, ರಕ್ತದೊತ್ತಡ, ಅಪಸ್ಮಾರ, ದೀರ್ಘಕಾಲದ ಮೂತ್ರಪಿಂಡದ ಉರಿಯೂತ, ಸಂಧಿವಾತ, ಎಲ್ಲ ಬಗೆಯ ಮನೋವ್ಯಾಧಿಗಳು ಹೀಗೆ ಮನೆಯಲ್ಲಿದ್ದೇ ಅನುಭವಿಸಬೇಕಾದ ರೋಗಗಳನ್ನೆಲ್ಲ ಹೆಸರು ಹಿಡಿದು ಕರೆದು ಹೊರಗಿಡಲಾಗಿತ್ತು. ಬಾಗಿಲು ತೆರೆದಿಟ್ಟು, ಬರಬೇಕಾದವರಿಗೆ ಮಾತ್ರ ಪ್ರವೇಶವಿಲ್ಲವೆಂದು ಹಲಗೆ ತೂಗುಹಾಕಿದಂತೆ!

ಅಂದಿನಿಂದ ಇಂದಿನವರೆಗೆ ಬಹಳಷ್ಟು ನೀರು ಹರಿದಿದೆ. ಡಯಾಲಿಸಿಸ್, ಅರ್ಬುದರೋಗದ ಔಷಧ ಚಿಕಿತ್ಸೆ, ವಿಕಿರಣ ಚಿಕಿತ್ಸೆ ಮುಂತಾದವುಗಳಿಗೆ 24 ಗಂಟೆಗಳ ನಿಬಂಧನೆ ಸಡಿಲಗೊಂಡು, ಬೆಳಿಗ್ಗೆ ಹೋಗಿ ಸಂಜೆ ಮರಳುವ ರೋಗಿಗೂ ಹಣ ಸಂದಾಯವಾಗುತ್ತದೆ. ಅರ್ಬುದಕ್ಕೆ ಬಾಯಿಯ ಮೂಲಕ ಕೊಡುವ ಗುಳಿಗೆಗಳನ್ನೂ ಕೆಲವು ನೂತನ ಸೂಜಿಮದ್ದುಗಳನ್ನೂ ಹೊರಗಿಡಕೂಡದೆಂದು ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಆದೇಶಿಸಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ದೇಹದ ರೋಗಕ್ಕೆ ಯಾವ ವಿಮೆಯೋ ಮನಸ್ಸಿನ ರೋಗಕ್ಕೂ ಅದೇ ವಿಮೆ ದೊರಕತಕ್ಕದ್ದು. ಇವೆಲ್ಲವೂ ಸ್ವಾಗತಾರ್ಹವೇ. ಆದರೂ ಅಡಿಪಾಯ ಬದಲಾಗಿಲ್ಲ. ಬಹುಪಾಲು ಪಾಲಿಸಿಗಳಲ್ಲಿ ಆಸ್ಪತ್ರೆಗೆ ಸೇರುವ ಮುಂಚಿನ 30 ದಿನ, ಬಿಡುಗಡೆಯಾದ ನಂತರದ 60 ದಿನ, ಇಷ್ಟರೊಳಗಿನ ಔಷಧದ ವೆಚ್ಚ ಮಾತ್ರ ದೊರೆಯುತ್ತದೆ. ಅರುವತ್ತೊಂದನೆಯ ದಿನ ರೋಗವು ತಾನಾಗಿ ಹೊರಟುಹೋಗುವುದೆಂಬ ನಂಬಿಕೆ ಪಾಲಿಸಿ ಬರೆದವರಿಗಿತ್ತೋ ಏನೋ.

ಲೆಕ್ಕದ ಮಾತು

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತರ ಹರೆಯದಲ್ಲಿ ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ಈ ಮಹಾನಗರಕ್ಕೆ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತನಾದವನೊಬ್ಬನಿದ್ದಾನೆ ಎನ್ನಿ. ನಲ್ವತ್ತೈದರಲ್ಲಿ ಮಧುಮೇಹ ಕಾಣಿಸಿಕೊಂಡಿತು. ಐವತ್ತರಲ್ಲಿ ರಕ್ತದೊತ್ತಡ ಜತೆಗೂಡಿತು. ಗುಳಿಗೆ, ಇನ್ಸುಲಿನ್, ಪರೀಕ್ಷೆ ಎಲ್ಲ ಸೇರಿ ತಿಂಗಳಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 36,000. ಬೆಲೆ ಒಂದು ಕಾಸೂ ಏರದಿದ್ದರೂ ಇಪ್ಪತ್ತು ವರ್ಷಗಳಿಗೆ 7,20,000 ರೂಪಾಯಿ. ಇದರಲ್ಲಿ ವಿಮೆಯಿಂದ ಬರುವುದು ಬಹುಮಟ್ಟಿಗೆ ಸೊನ್ನೆ.

ಖರ್ಚು ತಾಳಲಾರದೆ ಆತ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗತೊಡಗಿದ ಎನ್ನಿ. ಇದು ಕಲ್ಪನೆಯ ಮಾತಲ್ಲ, ವೈದ್ಯರೆಲ್ಲರೂ ದಿನನಿತ್ಯ ಕಾಣುವ ಸಂಗತಿ. ಸಕ್ಕರೆಯು ಹತೋಟಿ ತಪ್ಪಿ, ಕೆಲವು ವರ್ಷಗಳಲ್ಲಿ ಮೂತ್ರಪಿಂಡಗಳು ಸೋಲುತ್ತವೆ. ಆಗ ವಾರಕ್ಕೆ ಎರಡು ಅಥವಾ ಮೂರು ಬಾರಿ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆಗಳ ಡಯಾಲಿಸಿಸ್. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸಲ. ಒಂದಕ್ಕೆ 2,000 ರೂಪಾಯಿಯಂತೆ ಹಿಡಿದರೂ 3,12,000 ರೂಪಾಯಿ. ಈಗ ವಿಮೆ ಕಣ್ಣು ತೆರೆಯುತ್ತದೆ. ಆದರೆ ಐದು ಲಕ್ಷದ ಪಾಲಿಸಿಯಲ್ಲಿ ಈ ಮೂರು ಲಕ್ಷ ಪ್ರತಿ ವರ್ಷವೂ ಖರ್ಚಾದ ಮೇಲೆ, ನಡುವೆ ಒಂದು ಬಾರಿ ಸೋಂಕು ತಗಲಿ ಆಸ್ಪತ್ರೆ ಸೇರಿದರೆ ಉಳಿದುದೆಷ್ಟು? ಮುಗಿದ ಮೊತ್ತವನ್ನು ಮತ್ತೆ ತುಂಬಿಕೊಡುತ್ತೇವೆಂದು ಜಾಹೀರಾತು ಮಾಡುವ ಕೆಲವು ಪಾಲಿಸಿಗಳಲ್ಲಿ 'ಅದೇ ರೋಗಕ್ಕೆ ಅಲ್ಲ' ಎಂಬ ಸಣ್ಣ ಅಕ್ಷರದ ಸಾಲು ಅಡಗಿ ಕುಳಿತಿರುತ್ತದೆ. ಮೂತ್ರಪಿಂಡದ ಕಸಿಯಾದರೆ ಶಸ್ತ್ರಕ್ರಿಯೆಯ ವೆಚ್ಚ ದೊರೆತೀತು. ಆದರೆ ಕಸಿಮಾಡಿದ ಅಂಗವನ್ನು ದೇಹವು ತಿರಸ್ಕರಿಸದಂತೆ ಬದುಕಿರುವವರೆಗೂ ತೆಗೆದುಕೊಳ್ಳಬೇಕಾದ ಔಷಧಗಳಿಗೆ ಮತ್ತೆ ಅದೇ ಅರುವತ್ತು ದಿನಗಳ ಗಡಿ!

ಮಧುಮೇಹಿಯ ಕಾಲಿನ ಹುಣ್ಣು ಮಾಗದೆ ಕಾಲನ್ನೇ ಕತ್ತರಿಸಬೇಕಾದರೆ ವಿಮೆ ಹಣ ಕೊಡುತ್ತದೆ. ಆ ಕಾಲು ಉಳಿಯುವಂತೆ ನಿತ್ಯವೂ ಕೊಳ್ಳಬೇಕಾದ ಔಷಧಕ್ಕೆ, ಹುಣ್ಣಾಗದಂತೆ ಕಾಯುವ ಪಾದರಕ್ಷೆಗೆ, ತಿಂಗಳ ತಪಾಸಣೆಗೆ ಕೊಡುವುದಿಲ್ಲ. ಕಾಲು ಕಳೆದುಕೊಳ್ಳುವುದಕ್ಕೆ ನೆರವು, ಉಳಿಸಿಕೊಳ್ಳುವುದಕ್ಕೆ ನೆರವಿಲ್ಲ ಎಂಬ ಈ ವ್ಯವಸ್ಥೆಯನ್ನು ನ್ಯಾಯವೆನ್ನುವುದಂತೂ ಇರಲಿ, ಮಿತವ್ಯಯವೆಂದಾದರೂ ಕರೆಯಬಹುದೆ?

ಕಂಪನಿಗಳ ವಾದ

ಇದಕ್ಕೆ ವಿಮಾ ಕಂಪನಿಗಳು ಕೊಡುವ ಉತ್ತರವನ್ನೂ ನಾವು ತಾಳ್ಮೆಯಿಂದ ಕೇಳಬೇಕು. ಏಕೆಂದರೆ ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಮೆಯೆಂಬುದು ಅನಿಶ್ಚಿತವಾದ ವಿಪತ್ತಿಗೆ; ನಿಶ್ಚಿತವಾದ ಖರ್ಚಿಗಲ್ಲ. ಮನೆಗೆ ಬೆಂಕಿ ಬಿದ್ದೀತೋ ಬೀಳದೋ ಎಂಬ ಸಂದೇಹವಿದ್ದಾಗ ವಿಮೆ. ಪ್ರತಿ ತಿಂಗಳೂ ಕೊಳ್ಳಲೇಬೇಕಾದ ಗುಳಿಗೆಯು ಮನೆಯ ದಿನಸಿಯಂತೆ. ದಿನಸಿಗೆ ವಿಮೆ ಮಾಡುವವರುಂಟೆ? ಎಂಬುದು ಅವರ ಮೊದಲ ವಾದ.

ಈ ವಾದವು ಮೇಲುನೋಟಕ್ಕೆ ಒಪ್ಪುವಂತಿದ್ದರೂ ಅದರಲ್ಲೊಂದು ಬಿರುಕುಂಟು. ಮೂವತ್ತರ ಆರೋಗ್ಯವಂತನೊಬ್ಬನು ಪಾಲಿಸಿ ಕೊಳ್ಳುವ ದಿನ ತನಗೆ ಮುಂದೆ ಮಧುಮೇಹ ಬಂದೀತೋ ಇಲ್ಲವೋ ಎಂಬುದನ್ನು ಆತನೂ ಅರಿಯ, ಕಂಪನಿಯೂ ಅರಿಯದು. ಅಂದಮೇಲೆ ಅದು ಅಪ್ಪಟ ಅನಿಶ್ಚಿತ ವಿಪತ್ತೇ ಆಯಿತಲ್ಲವೆ? ಹದಿನೈದು ವರ್ಷ ಕಂತು ಕಟ್ಟಿದ ಮೇಲೆ ಆ ವಿಪತ್ತು ಸಂಭವಿಸಿತು. ಅದರ ಪರಿಣಾಮವು ಇಪ್ಪತ್ತು ವರ್ಷ ಎಳೆಯುತ್ತದೆ ಎಂಬ ಒಂದೇ ಕಾರಣಕ್ಕೆ 'ಇದೀಗ ನಿಶ್ಚಿತವಾದ ಖರ್ಚು, ನಮಗೆ ಸಂಬಂಧವಿಲ್ಲ' ಎನ್ನುವುದು ಸರಿಯೆ? ಸುಟ್ಟುಹೋದ ಮನೆಯನ್ನು ಕಟ್ಟಲು ಮೂರು ವರ್ಷ ಹಿಡಿಯುವುದಾದರೆ ಮೊದಲ ವರ್ಷದ ಇಟ್ಟಿಗೆಗೆ ಮಾತ್ರ ಹಣ ಕೊಡುವ ಬೆಂಕಿ ವಿಮೆಯನ್ನು ಯಾರಾದರೂ ಕೊಂಡಾರೆ? ತೊಡಕಿರುವುದು ರೋಗದಲ್ಲಲ್ಲ, ವಿಮೆಯ ಕರಾರನ್ನು ವರ್ಷವರ್ಷಕ್ಕೆ ತುಂಡರಿಸಿಟ್ಟಿರುವ ಕ್ರಮದಲ್ಲಿ. ಆದುದರಿಂದ ಪಾಲಿಸಿ ಕೊಂಡ ನಂತರ ರೋಗಕ್ಕೆ ತುತ್ತಾದವನ ದೀರ್ಘ ಚಿಕಿತ್ಸೆಯನ್ನು ಹೊರುವುದು ವಿಮೆಯ ಧರ್ಮಕ್ಕೆ ವಿರುದ್ಧವಲ್ಲ, ಅದೇ ವಿಮೆಯ ಧರ್ಮ.

ರೋಗವನ್ನು ಜತೆಗೆ ಕಟ್ಟಿಕೊಂಡೇ ವಿಮೆಯ ಬಾಗಿಲಿಗೆ ಬರುವವನ ಮಾತು ಬೇರೆ. ಅಂಥವರನ್ನೆಲ್ಲ ಮೊದಲ ದಿನವೇ ಒಳಗೆ ಬಿಟ್ಟುಕೊಂಡರೆ ಆರೋಗ್ಯವಂತರು ರೋಗ ಬಂದ ಮೇಲೆ ಕೊಳ್ಳೋಣವೆಂದು ಕೈಕಟ್ಟಿ ಕುಳಿತಾರು. ವಿಮೆಯ ಬೊಕ್ಕಸ ಬರಿದಾದೀತು. ಇದನ್ನು ಒಪ್ಪಲೇಬೇಕು. ಅವರ ಹೊರೆಯನ್ನು ಸರ್ಕಾರದ ಯೋಜನೆಗಳು, ದೊಡ್ಡ ಸಮೂಹಗಳ ವಿಮೆಗಳು ಹಂಚಿಕೊಳ್ಳಬೇಕೇ ಹೊರತು ಒಂಟಿ ಪಾಲಿಸಿಯಿಂದ ಪೂರ್ತಿಯಾಗಿ ಆಗತಕ್ಕದ್ದಲ್ಲ.

ಎರಡನೆಯ ವಾದವು ದುರುಪಯೋಗದ್ದು. ಗುಳಿಗೆಯ ಬಿಲ್ಲಿಗೆ ಹಣ ಕೊಡತೊಡಗಿದರೆ ಸುಳ್ಳು ಬಿಲ್ಲುಗಳ ಸುರಿಮಳೆಯಾಗುವುದೆಂಬ ಭಯ. ಈ ಭಯ ನಿರಾಧಾರವೆನ್ನಲಾಗದು. ಆದರೆ ಇದಕ್ಕೆ ದಾರಿಯನ್ನು ನಮ್ಮ ದೇಶವೇ ಬಹಳ ಹಿಂದೆ ಕಂಡುಕೊಂಡಿದೆ. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಕಾರ್ಯಾರಂಭ ಮಾಡಿದ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ಅಂದರೆ ಇ.ಎಸ್.ಐ., ಹೊರರೋಗಿಗೂ ಔಷಧ ಕೊಡುತ್ತದೆ. ಅಷ್ಟೇ ಅಲ್ಲ, ಕ್ಷಯ, ಅರ್ಬುದ ಮುಂತಾದ 34 ದೀರ್ಘರೋಗಗಳ ಪಟ್ಟಿಯೊಂದನ್ನು ಮಾಡಿ, ಅವುಗಳಿಂದ ನರಳುವ ಕಾರ್ಮಿಕನಿಗೆ ಎರಡು ವರ್ಷಗಳವರೆಗೆ ಕೂಲಿಯ ಶೇಕಡಾ 80ರಷ್ಟನ್ನು ಕೊಡುವ ಏರ್ಪಾಡು ಮಾಡಿದೆ. ಕೇಂದ್ರ ಸರ್ಕಾರದ ನೌಕರರಿಗಾಗಿ 1954ರಲ್ಲಿ ದೆಹಲಿಯಲ್ಲಿ ಆರಂಭವಾದ ಆರೋಗ್ಯ ಯೋಜನೆಯಲ್ಲಿ ನಿವೃತ್ತರಿಗೂ ನಿತ್ಯದ ಗುಳಿಗೆ ದೊರೆಯುತ್ತದೆ. ಇವುಗಳಲ್ಲಿ ಕೊರತೆಗಳಿಲ್ಲವೆಂದಲ್ಲ, ಔಷಧಾಲಯದ ಮುಂದಿನ ಸರತಿಯ ಸಾಲನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ದೀರ್ಘರೋಗದ ಚಿಕಿತ್ಸೆಯನ್ನು ವಿಮೆಯೊಳಗೆ ತರುವುದು ಅಸಾಧ್ಯವೆಂಬ ಮಾತು ಸುಳ್ಳೆಂಬುದಕ್ಕೆ ಇವೇ ಸಾಕ್ಷಿ.

ಆದುದರಿಂದ ನನ್ನ ಸೂಚನೆಯಿಷ್ಟೆ. ಹತ್ತು ಹನ್ನೆರಡು ದೀರ್ಘರೋಗಗಳ ಪಟ್ಟಿಯೊಂದು ಸಿದ್ಧವಾಗಲಿ. ಪಾಲಿಸಿ ಕೊಂಡ ನಂತರ ಇವುಗಳಲ್ಲೊಂದು ತಗಲಿದೆಯೆಂದು ತಜ್ಞ ವೈದ್ಯರು ದೃಢಪಡಿಸಿದರೆ, ಆಸ್ಪತ್ರೆಯ ಮೊತ್ತದ ಹೊರತಾಗಿ ವರ್ಷಕ್ಕಿಷ್ಟೆಂದು ನಿಗದಿಯಾದ ಚಿಕಿತ್ಸಾಭತ್ಯೆ ರೋಗಿಗೆ ಸಲ್ಲಲಿ. ವ್ಯಾಪಾರನಾಮದ ದುಬಾರಿ ಔಷಧಗಳ ಬದಲು ಮೂಲನಾಮದ ಔಷಧಗಳ ಬೆಲೆಯೇ ಅದಕ್ಕೆ ಆಧಾರವಾಗಲಿ. 2008ರಲ್ಲಿ ಆರಂಭವಾದ ಜನೌಷಧಿ ಅಂಗಡಿಗಳು ಇಂದು ಎಲ್ಲ ನಗರಗಳಲ್ಲಿಯೂ ಇವೆಯಷ್ಟೆ. ಈ ನಿಯಮ ಒಂದು ಕಂಪನಿಗಲ್ಲ, ಎಲ್ಲ ಕಂಪನಿಗಳಿಗೂ ಸಮನಾಗಿ ಅನ್ವಯಿಸಲಿ. ಏಕೆಂದರೆ ಒಂದು ಕಂಪನಿ ಮಾತ್ರ ಇಂಥ ಸೌಲಭ್ಯ ಕೊಟ್ಟರೆ ರೋಗಿಗಳೆಲ್ಲ ಅಲ್ಲಿ ಸೇರುತ್ತಾರೆ, ಅದು ಉಳಿಸಿದ ಕಾಲುಗಳ ಲಾಭ ಮರುವರ್ಷ ಬೇರೆ ಕಂಪನಿಗೆ ಹೋದೀತು. ಇದರಿಂದ ಕಂತು ಏರಲಾರದೆ ಎಂದು ಕೇಳಬಹುದು. ಏರುತ್ತದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಸಾವಿರ ಮಂದಿ ಸ್ವಲ್ಪ ಸ್ವಲ್ಪ ಹೆಚ್ಚು ಕೊಡುವುದಕ್ಕೂ ಒಬ್ಬನು ತನ್ನ ಮನೆಯನ್ನೇ ಒತ್ತೆಯಿಡುವುದಕ್ಕೂ ಇರುವ ಅಂತರವೇ ವಿಮೆಯ ಸಾರ್ಥಕತೆ. ಇಂದಿಗೂ ಹೊರರೋಗಿ ಚಿಕಿತ್ಸೆಯನ್ನು ಒಳಗೊಂಡ ಪಾಲಿಸಿಗಳು ಅಲ್ಲಲ್ಲಿ ದೊರೆಯುತ್ತವೆ. ಆದರೆ ಅವು ಸಿರಿವಂತರ ಅಂಗಡಿಯ ಸರಕಿನಂತೆ ಬಿಡಿಬಿಡಿಯಾಗಿವೆಯೇ ಹೊರತು ಎಲ್ಲರ ಪಾಲಿಸಿಯ ಅಂಗವಾಗಿಲ್ಲ.

ಸರ್ಕಾರದ ಯೋಜನೆಗಳಿಗೂ ಇದೇ ಮಾತು ಸಲ್ಲುತ್ತದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಸಂಸಾರಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ಚಿಕಿತ್ಸೆ ಕೊಡುತ್ತದೆ. 2024ರ ಅಕ್ಟೋಬರಿನಿಂದ 70 ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ವಿಸ್ತರಿಸಿದೆ. ಹಳೆಯ ರೋಗವಿದೆಯೆಂದು ಅಲ್ಲಿ ಯಾರನ್ನೂ ತಿರಸ್ಕರಿಸುವುದಿಲ್ಲ, ಕಾಯಬೇಕಾದ ಅವಧಿಯೂ ಇಲ್ಲ. ಇದು ದೊಡ್ಡ ಹೆಜ್ಜೆ. ಆದರೆ ಅಲ್ಲಿಯೂ ಬಿಡುಗಡೆಯಾದ 15 ದಿನಗಳ ನಂತರದ ಗುಳಿಗೆ ರೋಗಿಯದೇ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ತೆತ್ತ ಪಾಲು ಶೇಕಡಾ 64.2 ಇದ್ದುದು 2021-22ರ ಹೊತ್ತಿಗೆ 39.4ಕ್ಕೆ ಇಳಿದಿದೆ. ಇಳಿದುದು ಸಂತೋಷ. ಉಳಿದುದರಲ್ಲಿ ಔಷಧದ ಅಂಗಡಿಗೆ ಹೋಗುವ ಪಾಲು ದೊಡ್ಡದೆಂಬುದನ್ನು ಮರೆಯಬಾರದು.

ಇರುವ ಹಕ್ಕುಗಳು

ವ್ಯವಸ್ಥೆ ಬದಲಾಗುವವರೆಗೆ ಇರುವ ಹಕ್ಕುಗಳನ್ನಾದರೂ ಬಿಡದೆ ಪಡೆಯುವುದು ಜಾಣತನ. ಇತ್ತೀಚಿನ ವರ್ಷಗಳಲ್ಲಿ ನಿಯಮಗಳು ಪಾಲಿಸಿದಾರನ ಪರವಾಗಿ ಸಾಕಷ್ಟು ವಾಲಿವೆ. ಆದರೆ ಅರಿಯದವನಿಗೆ ಅವು ಇದ್ದೂ ಇಲ್ಲದಂತೆ.

ಮೊದಲಿನಿಂದ ಇರುವ ರೋಗಕ್ಕೆ ಪಾಲಿಸಿ ಕೊಂಡ ಮೇಲೆ ಕಾಯಬೇಕಾದ ಅವಧಿಯು ನಾಲ್ಕು ವರ್ಷಗಳಿದ್ದುದು 2024ರ ಏಪ್ರಿಲ್‌ನಿಂದ ಗರಿಷ್ಠ ಮೂರು ವರ್ಷಗಳಿಗಿಳಿದಿದೆ. ಐದು ವರ್ಷ ಎಡೆಬಿಡದೆ ಪಾಲಿಸಿ ನಡೆದ ಮೇಲೆ, ವಂಚನೆಯೆಂದು ರುಜುವಾತಾದ ಹೊರತು, 'ನೀವು ಇಂಥ ರೋಗವನ್ನು ಮುಚ್ಚಿಟ್ಟಿರಿ' ಎಂಬ ಕಾರಣದಿಂದ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಹಿಂದೆ ಈ ಅವಧಿ ಎಂಟು ವರ್ಷಗಳಿತ್ತು. 65 ವರ್ಷ ಮೀರಿದವರಿಗೆ ಪಾಲಿಸಿ ಇಲ್ಲವೆಂಬ ಹಳೆಯ ಗೋಡೆಯೂ ಬಿದ್ದಿದೆ. ಹಿಂದಿನ ವರ್ಷ ಹಣ ಪಡೆದಿರೆಂಬ ಕಾರಣಕ್ಕೆ ನವೀಕರಣವನ್ನು ನಿರಾಕರಿಸಕೂಡದು. ಈ ತತ್ತ್ವಕ್ಕೆ ನ್ಯಾಯಾಲಯದ ಬಲವೂ ಉಂಟು. ಸಾರ್ವಜನಿಕ ರಂಗದ ವಿಮಾ ಕಂಪನಿಯೊಂದು ಮನಬಂದಂತೆ, ಅಸಂಬದ್ಧ ಕಾರಣಗಳಿಂದ ಮೆಡಿಕ್ಲೇಮ್ ಪಾಲಿಸಿಯ ನವೀಕರಣವನ್ನು ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿಯೇ ಹೇಳಿದೆ. ಅಂತೆಯೇ 2021ರ ತೀರ್ಪೊಂದರಲ್ಲಿ, ಅರ್ಜಿದಾರನು ತಿಳಿಸಿದ ರೋಗಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ ಅದೇ ಸ್ಥಿತಿಯನ್ನು ನೆಪಮಾಡಿ ಕ್ಲೇಮನ್ನು ನಿರಾಕರಿಸಲಾಗದೆಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿದೆ.

ಹಿರಿಯ ನಾಗರಿಕರ ಕಂತನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಕೂಡದೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಹಾಗೂ ಸಂಸಾರಗಳ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇಕಡಾ 18ರ ತೆರಿಗೆಯೂ ರದ್ದಾಯಿತು. ಕಂತು ಹೆಚ್ಚೆಂದು ಪಾಲಿಸಿ ಬಿಟ್ಟ ಹಿರಿಯರು ಮತ್ತೊಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ನಾವು ಅನುಸರಿಸಬೇಕಾದದ್ದು

ಮೊದಲನೆಯದಾಗಿ, ರೋಗವನ್ನು ಮುಚ್ಚಿಡಬೇಡಿ. 'ಸಕ್ಕರೆ ಇದೆಯೆಂದು ಬರೆದರೆ ಪಾಲಿಸಿ ಸಿಗುವುದಿಲ್ಲ, ಸುಮ್ಮನೆ ಇಲ್ಲವೆಂದು ಬರೆಯಿರಿ' ಎನ್ನುವ ಏಜೆಂಟನು ನಿಮ್ಮ ಹಿತೈಷಿಯಲ್ಲ. ಅಂದು ಉಳಿಸಿದ ನಾಲ್ಕು ಕಾಸು ಮುಂದೆ ನಾಲ್ಕು ಲಕ್ಷವನ್ನು ಮುಳುಗಿಸೀತು. ಅರ್ಜಿಯನ್ನು ಏಜೆಂಟನೇ ತುಂಬಿದರೂ ಸಹಿ ನಿಮ್ಮದು. ಸಹಿಗೆ ಮುನ್ನ ಓದಿ, ಇಂಗ್ಲಿಷು ತಿಳಿಯದಿದ್ದರೆ ಓದಿಸಿ ಕೇಳಿ, ಅದರದೊಂದು ಪ್ರತಿಯನ್ನು ಇಟ್ಟುಕೊಳ್ಳಿ.

ಎರಡನೆಯದಾಗಿ, ಪಾಲಿಸಿಯನ್ನು ಒಂದು ದಿನವೂ ತುಂಡಾಗಗೊಡಬೇಡಿ. ಕಾದ ಅವಧಿಯೆಂಬುದು ಕೊಡದಲ್ಲಿ ತುಂಬಿದ ನೀರಿನಂತೆ. ಕೊಡ ಒಡೆದರೆ ಮತ್ತೆ ಬಾವಿಯ ಬಳಿಗೇ ಹೋಗಬೇಕು. ಕಂಪನಿಯ ಸೇವೆ ಹಿಡಿಸದಿದ್ದರೆ ಬಿಟ್ಟು ಹೊಸದನ್ನು ಕೊಳ್ಳುವ ಬದಲು ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳುವ ಹಕ್ಕು 2011ರಿಂದ ಇದೆ. ಕಾದ ವರ್ಷಗಳು ಅದರಿಂದ ನಷ್ಟವಾಗುವುದಿಲ್ಲ. ಆದರೆ ನವೀಕರಣದ ದಿನಕ್ಕೆ ಒಂದೂವರೆ ತಿಂಗಳು ಮೊದಲೇ ಅರ್ಜಿ ಕೊಡುವುದು ಕ್ಷೇಮ.

ಮೂರನೆಯದು ನೌಕರಿಯಲ್ಲಿರುವವರಿಗೆ. ಕಚೇರಿಯ ಸಾಮೂಹಿಕ ವಿಮೆ ನೌಕರಿಯೊಡನೆ ಬರುತ್ತದೆ, ನೌಕರಿಯೊಡನೆ ಹೋಗುತ್ತದೆ. ಅರುವತ್ತರಲ್ಲಿ, ರೋಗ ಬೇರೂರಿದ ಹೊತ್ತಿಗೆ, ವಿಮೆ ಕೈಬಿಟ್ಟರೆ ಅತ್ತ ದರಿ ಇತ್ತ ಪುಲಿ ಎಂಬಂತಾಗುತ್ತದೆ. ಆರೋಗ್ಯವಿರುವಾಗಲೇ ಸ್ವಂತಕ್ಕೊಂದು ಸಣ್ಣ ಪಾಲಿಸಿಯಿರಲಿ. ಅದಾಗದಿದ್ದರೆ ನೌಕರಿ ಬಿಡುವ ಮೊದಲು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು. ಇ.ಎಸ್.ಐ.ಗೆ ಸೇರಿದ ಹೋಟೆಲು, ಕಾರ್ಖಾನೆಗಳಲ್ಲಿ ಕನಿಷ್ಠ ಐದು ವರ್ಷ ದುಡಿದು ವಯೋಮಿತಿಯಿಂದ ನಿವೃತ್ತರಾದವರು ಅತ್ಯಲ್ಪ ವಾರ್ಷಿಕ ಶುಲ್ಕ ಕಟ್ಟಿ ತಮಗೂ ತಮ್ಮ ಬಾಳಸಂಗಾತಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಬಹುದೆಂಬುದು ನಮ್ಮ ಅದೆಷ್ಟೋ ಹೋಟೆಲು ಕಾರ್ಮಿಕ ಬಂಧುಗಳಿಗೆ ತಿಳಿದೇ ಇಲ್ಲ.

ನಾಲ್ಕನೆಯದಾಗಿ, ಕಾಗದಪತ್ರಗಳು. ದೀರ್ಘರೋಗಿಯ ಮನೆಯಲ್ಲಿ ಎರಡು ಕಡತಗಳಿರಲಿ. ಒಂದರಲ್ಲಿ ರೋಗ ಮೊದಲು ಪತ್ತೆಯಾದ ದಿನಾಂಕದಿಂದ ಹಿಡಿದು ವೈದ್ಯರ ಚೀಟಿಗಳು, ಪರೀಕ್ಷೆಯ ವರದಿಗಳು, ಬಿಡುಗಡೆ ಪತ್ರಗಳು. ಇನ್ನೊಂದರಲ್ಲಿ ವರ್ಷವಾರು ಪಾಲಿಸಿ, ಕಂತಿನ ರಸೀತಿ, ಕಂಪನಿಯೊಡನೆ ನಡೆದ ಪತ್ರವ್ಯವಹಾರ. ರೋಗವು ಎಂದಿನಿಂದ ಇದೆ ಎಂಬ ಒಂದೇ ಸಾಲಿನ ಮೇಲೆ ಎಷ್ಟೋ ಕ್ಲೇಮುಗಳು ನಿಲ್ಲುತ್ತವೆ ಅಥವಾ ಬೀಳುತ್ತವೆ. ಆಸ್ಪತ್ರೆಯ ಕಿರಿಯ ವೈದ್ಯರು ಅವಸರದಲ್ಲಿ 'ಹತ್ತು ವರ್ಷಗಳಿಂದ ಮಧುಮೇಹ' ಎಂದು ಅಂದಾಜಿನಿಂದ ಬರೆದುಬಿಟ್ಟರೆ ಅದೇ ಮುಂದೆ ನಿಮ್ಮ ವಿರುದ್ಧದ ಸಾಕ್ಷಿ. ಹೊರಡುವ ಮೊದಲು ಆ ಕಾಗದವನ್ನು ಓದಿ, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳಬೇಕು.

ಕೊನೆಯದಾಗಿ, 'ಇಲ್ಲ' ಎಂಬ ಮೊದಲ ಉತ್ತರವನ್ನೇ ಅಂತಿಮವೆಂದು ತಿಳಿಯಬೇಡಿ. ಕ್ಲೇಮನ್ನು ನಿರಾಕರಿಸುವ ಕಂಪನಿ ಪಾಲಿಸಿಯ ಯಾವ ನಿಬಂಧನೆಯ ಪ್ರಕಾರ ಎಂಬುದನ್ನು ಬರಹದಲ್ಲಿ ತಿಳಿಸತಕ್ಕದ್ದು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರ ಮೊರೆಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಅವರು ವಿಚಾರಿಸುತ್ತಾರೆ. ಅವರ ತೀರ್ಪನ್ನು ಕಂಪನಿ 30 ದಿನಗಳಲ್ಲಿ ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದೂರುದಾರನಿಗೆ ದಂಡ ತೆರಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಬೆಂಗಳೂರು ಈ ಎಲ್ಲ ನಗರಗಳಲ್ಲಿಯೂ ಓಂಬುಡ್ಸ್‌ಮನ್ ಕಚೇರಿಗಳಿವೆ. ನ್ಯಾಯವು ಬಸ್ಸಿನ ದಾರಿಯಲ್ಲಿಯೇ ಇರುವಾಗ ಮನೆಯಲ್ಲಿ ಕುಳಿತು ಹಣೆಬರಹವನ್ನು ಹಳಿಯುವುದೇಕೆ?

ಸಂಘಗಳ ಹೊಣೆ

ಹೊರನಾಡಿನ ಕನ್ನಡಿಗನಿಗೆ ಈ ಕಷ್ಟ ಇಮ್ಮಡಿಯಾದುದು. ಪಾಲಿಸಿ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಗುಮಾಸ್ತನ ಮಾತು ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ. ನೋವು ಮಾತ್ರ ಕನ್ನಡದಲ್ಲಿ. ಮಗ ನಗರದಲ್ಲಿ, ತಂದೆತಾಯಿ ಊರಿನಲ್ಲಿ. ಮಗನ ಕಚೇರಿಯ ವಿಮೆಗೆ ಸೇರಿದ ಆಸ್ಪತ್ರೆ ಊರಿನಿಂದ ನೂರು ಮೈಲಿ. ಊರಿನ ಆಯುಷ್ಮಾನ್ ಚೀಟಿ ಇಲ್ಲಿಯೂ ನಡೆಯುತ್ತದೆಯೆ, ಇಲ್ಲಿನದು ಅಲ್ಲಿ ನಡೆಯುತ್ತದೆಯೆ ಎಂದು ಕೇಳಿದರೆ ಹೇಳುವವರಿಲ್ಲ. ಆ ಯೋಜನೆಯ ಫಲಾನುಭವಿ ದೇಶದಲ್ಲೆಲ್ಲಿಯಾದರೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದೆಂಬಷ್ಟು ಸರಳ ಸಂಗತಿಯೂ ಎಷ್ಟೋ ಮನೆಗಳನ್ನು ಮುಟ್ಟಿಲ್ಲ.

ನಮ್ಮ ಸಂಘಗಳು ಯಕ್ಷಗಾನ, ನಾಟಕ, ರಾಜ್ಯೋತ್ಸವಗಳನ್ನು ಬಹು ಚೆನ್ನಾಗಿ ನಡೆಸುತ್ತಿವೆ. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ತಪಾಸಣೆಯ ಶಿಬಿರಗಳನ್ನೂ ಏರ್ಪಡಿಸುತ್ತಿವೆ. ಆದರೆ ಶಿಬಿರದಲ್ಲಿ ರೋಗವಿದೆಯೆಂದು ಹೇಳಿ ಕಳುಹಿಸಿದರೆ ಸಾಲದು. ಅನಂತರದ ಇಪ್ಪತ್ತು ವರ್ಷಗಳಿಗೆ ಆತನು ಏನು ಮಾಡಬೇಕೆಂಬುದಕ್ಕೂ ಸಂಘದಲ್ಲಿ ಉತ್ತರವಿರಬೇಡವೆ? ಒಂದು ಕಾಲಕ್ಕೆ ಹೋಟೆಲು ಹುಡುಗರ ಕೈಗೆ ಪಾಟಿ ಬಳಪ ಕೊಟ್ಟು ರಾತ್ರಿ ಶಾಲೆಗಳನ್ನು ನಡೆಸಿದವರು ಇದೇ ಮುಂಬಯಿ ಕನ್ನಡಿಗರು. ಅಕ್ಷರ ಕಲಿಸಿದ ಸಮಾಜಕ್ಕೆ ಪಾಲಿಸಿ ಓದಿ ಹೇಳುವುದು ಕಷ್ಟವಾಗಲಾರದು. ತಿಂಗಳ ಒಂದು ಭಾನುವಾರ ಸಂಘದ ಕಚೇರಿಯಲ್ಲಿ ಎರಡು ಗಂಟೆಗಳ ಕಾಲ ನಿವೃತ್ತ ವಿಮಾ ನೌಕರರೊಬ್ಬರು, ವೈದ್ಯರೊಬ್ಬರು, ಅರ್ಜಿ ಬರೆದುಕೊಡಬಲ್ಲ ತರುಣರೊಬ್ಬರು ಕುಳಿತರೆ ಸಾಕು. ನಮ್ಮವರಲ್ಲಿ ಬ್ಯಾಂಕು, ವಿಮೆಗಳಲ್ಲಿ ದುಡಿದು ನಿವೃತ್ತರಾದವರಿಗೆ ಕೊರತೆಯೆ? ಒಬ್ಬನ ಕ್ಲೇಮು ತಿರಸ್ಕೃತವಾದಾಗ ಅವನು ಒಂಟಿ. ಹತ್ತು ಮಂದಿಯ ಅನುಭವ ಒಂದು ಮೇಜಿನ ಮೇಲೆ ಸೇರಿದಾಗ ಅದು ಬಲ.

ಸಂಘಗಳು ಮಾಡಬಹುದಾದ ಇನ್ನೊಂದು ಕೆಲಸವೂ ಇದೆ. ದೀರ್ಘರೋಗದ ನಿತ್ಯಚಿಕಿತ್ಸೆ ವಿಮೆಯೊಳಗೆ ಬರಬೇಕೆಂದು ನಿಯಂತ್ರಣ ಪ್ರಾಧಿಕಾರಕ್ಕೂ ನಮ್ಮ ಲೋಕಸಭಾ ಸದಸ್ಯರಿಗೂ ಬರೆಯುವುದು. ಒಂದು ಪತ್ರದಿಂದ ಏನಾದೀತೆಂದು ನಗಬೇಡಿ. ಡಯಾಲಿಸಿಸ್‌ಗೆ 24 ಗಂಟೆ ಮಲಗಬೇಕೆಂಬ ನಿಯಮ ಸಡಿಲವಾದುದು, ನಾಲ್ಕು ವರ್ಷ ಮೂರಾದುದು, ಎಂಟು ಐದಾದುದು ಇವಾವುವೂ ತಾವಾಗಿ ಆದವಲ್ಲ. ರೋಗಿಗಳೂ ಅವರ ಮನೆಯವರೂ ಕಚೇರಿ ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಕೇಳುತ್ತಲೇ ಇದ್ದುದರಿಂದ ನಿಯಮಗಳು ಒಂದೊಂದಾಗಿ ಬಾಗಿದವು.

ಮಲಗಿದವನಿಗೆ ಮಾತ್ರವಲ್ಲ, ಗುಳಿಗೆ ನುಂಗಿ ಎದ್ದು ಕೆಲಸಕ್ಕೆ ಹೋಗುವವನಿಗೂ ವಿಮೆ ಬೇಕು. ಅವನು ಮಲಗದೆ ಇರುವುದರಲ್ಲಿಯೇ ಅವನ ಮನೆಯ ಹಿತವಿದೆ, ದೇಶದ ಹಿತವಿದೆ. ಲೆಕ್ಕ ಬಲ್ಲವರಾದರೆ, ವಿಮಾ ಕಂಪನಿಯ ಹಿತವೂ ಅದರಲ್ಲಿಯೇ ಇದೆ.